ಬಾಸ್ ಗಾಳದ ಪ್ಲಾಸ್ಟಿಕ್ ಹುಳು: ಗಾತ್ರದ ಆಯ್ಕೆ

ಬಾಸ್ ಎಂಬ ಸಿಹಿನೀರಿನ ಮೀನನ್ನು ಹಿಡಿಯಲು ಗಾಳದ ಕೊಕ್ಕೆಗೆ ಪೋಣಿಸುವ ಮೆತ್ತನೆಯ, ಉದ್ದನೆಯ ಕೃತಕ ಎರೆಗೆ ಪ್ಲಾಸ್ಟಿಕ್ ಹುಳು ಎಂದು ಹೆಸರು. ಇದರ ತವರು ಅಮೆರಿಕ ಸಂಯುಕ್ತ ಸಂಸ್ಥಾನ. ಪಿವಿಸಿ ಪುಡಿಯನ್ನು ಎಣ್ಣೆಯಂಥ ದ್ರವದಲ್ಲಿ ಕದಡಿ, ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬಣ್ಣ, ಮಿನುಗುಪುಡಿ, ಉಪ್ಪು ಸೇರಿಸಿ ಅಚ್ಚಿಗೆ ಹೊಯ್ದರೆ ಹುಳು ಸಿದ್ಧ. ಅಂಗಡಿಯಲ್ಲಿ ಸಿಗುವವು 2.5 ಇಂಚಿನಿಂದ 12 ಇಂಚಿನವರೆಗೆ, ಅಂದರೆ 6 ಸೆಂಟಿಮೀಟರಿನಿಂದ 30 ಸೆಂಟಿಮೀಟರಿನವರೆಗೆ ಇರುತ್ತವೆ. ಗಾಳ ಹಾಕುವವರ ಮಾತುಕತೆಯಲ್ಲಿ ಬಣ್ಣಕ್ಕೆ ಸಿಗುವಷ್ಟು ಜಾಗ ಗಾತ್ರಕ್ಕೆ ಸಿಗುವುದಿಲ್ಲ. ಇದು ತಲೆಕೆಳಗಾದ ಕ್ರಮ. ಬಣ್ಣ ತುಸು ಹೆಚ್ಚುಕಡಿಮೆಯಾದರೂ ಮೀನು ಕಚ್ಚೀತು. ನೀರಿಗೂ ಕಾಲಕ್ಕೂ ಹೊಂದದ ಗಾತ್ರದ ಹುಳುವನ್ನು ಅದು ಹತ್ತಿರ ಬಂದು ನೋಡಿ ಬಿಟ್ಟುಹೋಗುವುದೇ ಹೆಚ್ಚು. ಪೊಟ್ಟಣದ ಮೇಲೆ ಅಚ್ಚಾದ ಇಂಚಿನ ಲೆಕ್ಕವೊಂದನ್ನೇ ಗಾತ್ರವೆಂದು ತಿಳಿಯುವುದೂ ಸಾಲದು. ಹುಳುವಿನ ದಪ್ಪ, ತೂಕ, ಬಾಲದ ಆಕಾರ, ಮುಳುಗುವ ವೇಗ ಇವೆಲ್ಲ ಕೂಡಿದಾಗಲೇ ಮೀನಿನ ಅರಿವಿಗೆ ಬರುವ ಗಾತ್ರ ಆಗುವುದು.

ಮೀನು ಮತ್ತು ಅದರ ಬಾಯಿ

ಬಾಸ್‌ಗಳು ಸೆಂಟ್ರಾರ್ಕಿಡೇ ಕುಟುಂಬದ ಮೈಕ್ರಾಪ್ಟೆರಸ್ ಕುಲಕ್ಕೆ ಸೇರಿದವು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಸಿಗುವ, ಹೋಟೆಲಿನ ಪಟ್ಟಿಯಲ್ಲಿ ಸೀಬಾಸ್ ಎಂದು ಬರೆಯುವ ಮೀನಿಗೂ ಇವಕ್ಕೂ ಹೆಸರಿನ ಹೋಲಿಕೆಯ ಹೊರತು ನೆಂಟಸ್ತಿಕೆಯಿಲ್ಲ. ಪ್ಲಾಸ್ಟಿಕ್ ಹುಳುವಿಗೆ ಮುಖ್ಯವಾದವು ಮೂರು ಜಾತಿ: ಲಾರ್ಜ್‌ಮೌತ್ ಬಾಸ್, ಸ್ಮಾಲ್‌ಮೌತ್ ಬಾಸ್ ಮತ್ತು ಸ್ಪಾಟೆಡ್ ಬಾಸ್. ಲಾರ್ಜ್‌ಮೌತ್‌ನ ಮೇಲ್ದವಡೆ ಕಣ್ಣಿನ ಹಿಂದಿನ ಅಂಚು ದಾಟಿ ಚಾಚಿರುತ್ತದೆ. ಸ್ಮಾಲ್‌ಮೌತ್‌ನದು ಕಣ್ಣಿನ ನೇರಕ್ಕೇ ನಿಲ್ಲುತ್ತದೆ. ಫ್ಲೋರಿಡಾದ ಬಾಸ್ ಬೇರೆ ಜಾತಿಯೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಥಾಪಿಸಿದ ಮೇಲೆ ಹಳೆಯ ಸಾಲ್ಮೋಯ್ಡಿಸ್ ಎಂಬ ಹೆಸರು ಅದಕ್ಕೆ ಉಳಿದು, ಉತ್ತರದ ಲಾರ್ಜ್‌ಮೌತ್‌ಗೆ ನಿಗ್ರಿಕನ್ಸ್ ಎಂಬ ಹೆಸರು ಬಂದಿದೆ. ಗಾಳ ಹಾಕುವವರಿಗೂ ಇದು ಬೇಕಾದ ವಿಷಯ. ಫ್ಲೋರಿಡಾ ಬಾಸ್ ಹೆಚ್ಚು ದೊಡ್ಡದಾಗಿ ಬೆಳೆಯುತ್ತದೆ, ಗಾಳಕ್ಕೆ ಹೆಚ್ಚು ಹುಷಾರಾಗಿರುತ್ತದೆ ಎಂಬುದು ಅದರ ಹಿಂದೆ ಬಿದ್ದವರೆಲ್ಲರ ಅನುಭವ.

ಬಾಸ್ ಬೇಟೆಯನ್ನು ಕಚ್ಚಿ ತುಂಡರಿಸುವುದಿಲ್ಲ. ಅದರ ಹಲ್ಲುಗಳು ಉಪ್ಪುಕಾಗದದಂತೆ ತರಿತರಿಯಾಗಿದ್ದು ಹಿಡಿದದ್ದು ಜಾರದಂತೆ ನೋಡಿಕೊಳ್ಳಲು ಮಾತ್ರ ಬೇಕಾದವು. ಬಾಯನ್ನೂ ಕಿವಿರಿನ ಮುಚ್ಚಳಗಳನ್ನೂ ಒಮ್ಮೆಲೇ ಅಗಲಿಸಿದಾಗ ನೀರು ಒಳಕ್ಕೆ ನುಗ್ಗುತ್ತದೆ, ನೀರಿನೊಂದಿಗೆ ಬೇಟೆಯೂ ಒಳಹೋಗುತ್ತದೆ. ಹೀಗಾಗಿ ಅದು ನುಂಗಬಲ್ಲ ಗಾತ್ರವನ್ನು ಗೊತ್ತುಮಾಡುವುದು ಬೇಟೆಯ ಮೈ ಎಷ್ಟು ಅಗಲ, ಎಷ್ಟು ದಪ್ಪ ಎಂಬುದು. ಅಂಗೈಯಗಲದ ಬ್ಲೂಗಿಲ್ ಮೀನನ್ನು ನುಂಗಲಾರದ ಬಾಸ್ ಅದಕ್ಕಿಂತ ಎರಡು ಪಟ್ಟು ಉದ್ದದ ತೆಳ್ಳನೆಯ ಹುಳುವನ್ನು ಸಲೀಸಾಗಿ ಒಳಗೆಳೆದುಕೊಳ್ಳುತ್ತದೆ. 12 ಇಂಚಿನ ಮೀನು 8 ಇಂಚಿನ ಹುಳುವಿಗೆ ಬಿದ್ದದ್ದು ಬಾಸ್ ಹಿಡಿಯುವವರಿಗೆ ಆಶ್ಚರ್ಯದ ಸಂಗತಿಯಲ್ಲ. ‘ಈ ಹುಳು ಇಲ್ಲಿಯ ಮೀನಿಗೆ ದೊಡ್ಡದಾದೀತು’ ಎಂಬ ಭಯ ಹೊಸಬರಲ್ಲಿ ಸಾಮಾನ್ಯ. ಆದರೆ ಬಾಯಿಗೆ ಹಿಡಿಯದಷ್ಟು ದೊಡ್ಡ ಹುಳು ಪೇಟೆಯಲ್ಲಿ ಅಪರೂಪ. ಕೇಳಬೇಕಾದ ಪ್ರಶ್ನೆ ಬೇರೆ: ಆ ಹೊತ್ತಿನಲ್ಲಿ, ಆ ನೀರಿನಲ್ಲಿ, ಅಷ್ಟು ದೊಡ್ಡದನ್ನು ಬೆನ್ನಟ್ಟುವ ಹುಮ್ಮಸ್ಸು ಮೀನಿಗೆ ಇದೆಯೇ?

ದೊಡ್ಡ ಎರೆಗೆ ದೊಡ್ಡ ಮೀನು ಎಂಬ ನಂಬಿಕೆಯಲ್ಲಿ ನಿಜವಿದೆ. ಸರಾಸರಿ ನೋಡಿದರೆ ಎರೆಯ ಉದ್ದ ಹೆಚ್ಚಿದಂತೆ ಸಿಗುವ ಮೀನಿನ ಉದ್ದವೂ ಹೆಚ್ಚುತ್ತದೆ, ಸಿಗುವ ಸಂಖ್ಯೆ ಕಡಿಮೆಯಾಗುತ್ತದೆ. ಆದರೆ ಸರಾಸರಿಯ ಆಚೆಗೂ ಮೀನುಗಳಿವೆ. ಟೆಕ್ಸಾಸ್ ರಾಜ್ಯದ ಲಾರ್ಜ್‌ಮೌತ್ ದಾಖಲೆ 18.18 ಪೌಂಡ್, ಅಂದರೆ 8.25 ಕಿಲೋಗ್ರಾಂ. 1992ರ ಜನವರಿಯಲ್ಲಿ ಲೇಕ್ ಫೋರ್ಕ್‌ನಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಹಿಡಿದ ಈ ಮೀನು ಬಿದ್ದದ್ದು ಕ್ರಾಪಿ ಎಂಬ ಸಣ್ಣ ಮೀನಿಗೆಂದು ಇಳಿಬಿಟ್ಟಿದ್ದ ಪುಟ್ಟ ಜೀವಂತ ಮರಿಮೀನಿಗೆ. ಚಳಿಗಾಲದ ನೀರಿನಲ್ಲಿ ಆ ಭಾರಿ ಬಾಸ್‌ಗೆ ಬೇಕೆನಿಸಿದ್ದು ಅಷ್ಟೇ ಚಿಕ್ಕ ತುತ್ತು. ಚಿಕ್ಕ ಹುಳು ಹಿಡಿದವರು ದೊಡ್ಡ ಮೀನಿನ ಆಸೆ ಬಿಡಬೇಕಿಲ್ಲ.

ಗಾತ್ರಗಳು ಬೆಳೆದು ಬಂದ ಬಗೆ

ಒಹಾಯೋ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್ ಯಂತ್ರಗಳ ಕೆಲಸಗಾರ. 1949ರಲ್ಲಿ ಹೆಂಡತಿ ಕಾಸ್ಮಾ ಜೊತೆ ಮನೆಯ ಅಡುಗೆಮನೆಯಲ್ಲೇ ವಿನೈಲ್, ಎಣ್ಣೆ, ಬಣ್ಣಗಳನ್ನು ಕಾಯಿಸಿ, ನಿಜವಾದ ಎರೆಹುಳುವಿನಿಂದ ತೆಗೆದ ಅಚ್ಚಿಗೆ ಹೊಯ್ದು ಮೊದಲ ಮೆತ್ತನೆಯ ಪ್ಲಾಸ್ಟಿಕ್ ಹುಳು ಮಾಡಿದ. ರಬ್ಬರಿನ ಹುಳುಗಳು ಅದಕ್ಕೂ ಮೊದಲೇ ಇದ್ದವು. ಗಡುಸಾಗಿದ್ದ ಕಾರಣ ಮೀನಿನ ಬಾಯಲ್ಲಿ ನಿಲ್ಲುತ್ತಿರಲಿಲ್ಲ. 1951ರ ಹೊತ್ತಿಗೆ ಕ್ರೀಮ್ ದಂಪತಿ ಅಂಚೆಯ ಮೂಲಕ ಮಾರಾಟ ಶುರುಮಾಡಿದರು. ಅವರ ಹುಳುವಿನ ಅಳತೆ ಅದು ಅನುಕರಿಸಿದ ಜೀವಿಯ ಅಳತೆ. ಅಮೆರಿಕನ್ನರು ನೈಟ್‌ಕ್ರಾಲರ್ ಎಂದು ಕರೆಯುವ ದಪ್ಪ ಎರೆಹುಳುವನ್ನೇ ಅಚ್ಚಿಗೆ ಇಟ್ಟದ್ದರಿಂದ, ಮೊದಮೊದಲು ಯಾರೂ ಗಾತ್ರವನ್ನು ಆಯ್ದುಕೊಂಡದ್ದಲ್ಲ.

ಆಯ್ಕೆಯ ಪ್ರಶ್ನೆ ಎದ್ದದ್ದು ಜಲಾಶಯಗಳು ಬಂದ ಮೇಲೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಾಲುಸಾಲಾಗಿ ಅಣೆಕಟ್ಟು ಕಟ್ಟಿದರು. ಕಾಡುಗಳು ಬುಡಸಮೇತ ಮುಳುಗಿದವು. ಆ ಮರಗಳ ನಡುವೆ ಬಾಸ್ ಹುಲುಸಾಗಿ ಬೆಳೆಯಿತು. ತೆರೆದ ಕೊಕ್ಕೆ ಹಾಕಿದರೆ ಕೊಂಬೆಗೆ ಸಿಕ್ಕಿ ದಾರ ಹರಿಯುತ್ತಿತ್ತು. ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಯಿಂದ ಹೊಗಿಸಿ, ಹೊರಗೆಳೆದು ತಿರುಗಿಸಿ, ಮತ್ತೆ ಹುಳುವಿನ ಮೈಯೊಳಗೇ ಹುದುಗಿಸುವ ಟೆಕ್ಸಾಸ್ ರಿಗ್ ಹುಟ್ಟಿದ್ದು ಈ ತೊಂದರೆಯಿಂದ. ಹುಳು ಕೊಕ್ಕೆಯನ್ನು ಮುಚ್ಚಬೇಕಾದಾಗ ಅದರ ದಪ್ಪಕ್ಕೂ ಕೊಕ್ಕೆಯ ಅಗಲಕ್ಕೂ ಲೆಕ್ಕ ಕೂಡಲೇಬೇಕಾಯಿತು. ಕ್ರೀಮ್ ಕಂಪನಿಯೂ ಮುಂದೆ ಟೆಕ್ಸಾಸಿನ ಟೈಲರ್ ಪಟ್ಟಣಕ್ಕೆ ನೆಲೆ ಬದಲಿಸಿತು. ರೇ ಸ್ಕಾಟ್ 1967ರಲ್ಲಿ ಆರ್ಕನ್ಸಾದ ಬೀವರ್ ಲೇಕ್‌ನಲ್ಲಿ ಬಾಸ್ ಪಂದ್ಯ ನಡೆಸಿ, ಮರುವರ್ಷ ಬಾಸ್ ಆ್ಯಂಗ್ಲರ್ಸ್ ಸ್ಪೋರ್ಟ್ಸ್‌ಮನ್ ಸೊಸೈಟಿ ಕಟ್ಟಿದ ಮೇಲೆ ಸ್ಪರ್ಧೆಗೆ ದುಡ್ಡು ಬಂತು, ಹುಳುಗಳ ಬಗೆ ಹೆಚ್ಚಿತು. ಅಲಬಾಮಾದ ಯೂಫಾಲಾದಲ್ಲಿ ಟಾಮ್ ಮನ್ ತಯಾರಿಸಿದ, ಹಣ್ಣಿನ ಪರಿಮಳದ ಜೆಲ್ಲಿ ವರ್ಮ್ ಮನೆಮಾತಾಯಿತು.

ದೊಡ್ಡದರತ್ತ ಓಟ ಸಾಗಿದ್ದಾಗಲೇ ಟೆನೆಸ್ಸಿಯ ಚಾರ್ಲಿ ಬ್ರೂವರ್ 4 ಇಂಚಿನ ತೆಳ್ಳನೆಯ ಹುಳುವನ್ನು ಹಗುರ ತೂಕದ ತಲೆಯಿರುವ ಕೊಕ್ಕೆಗೆ ಸಿಕ್ಕಿಸಿ, ಕುಣಿಸದೆ ಕುಲುಕದೆ ನಿಧಾನವಾಗಿ ಎಳೆದು ತರುವ ವಿಧಾನ ಹೇಳಿಕೊಟ್ಟ. ಇದನ್ನು ಹೆಂಗಸರು ಮಕ್ಕಳ ಗಾಳ ಎಂದು ಕಡೆಗಣಿಸಿದವರಿದ್ದರು. 1985ರಲ್ಲಿ ಆರ್ಕನ್ಸಾ ನದಿಯಲ್ಲಿ ನಡೆದ ಬಾಸ್‌ಮಾಸ್ಟರ್ ಕ್ಲಾಸಿಕ್ ಪಂದ್ಯದಲ್ಲಿ ಜ್ಯಾಕ್ ಚಾನ್ಸಲರ್ ಡು-ನಥಿಂಗ್ ಎಂಬ ಚಿಕ್ಕ ನೇರ ಹುಳುವಿನ ಬಲದಿಂದ ಗೆದ್ದಾಗ ಕಡೆಗಣನೆ ನಿಂತಿತು. ಮುಂದೆ ಜಪಾನಿನಿಂದ ಡ್ರಾಪ್ ಶಾಟ್ ಬಂತು. ದಾರದ ತುದಿಗೆ ತೂಕ ಕಟ್ಟಿ, ಅದರಿಂದ ಗೇಣು ಎರಡು ಗೇಣು ಮೇಲೆ ಸಣ್ಣ ಕೊಕ್ಕೆಗೆ ಹುಳು ಸಿಕ್ಕಿಸುವ ಈ ವಿಧಾನ 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಹರಡಿತು. ಅದೇ ದಶಕದಲ್ಲಿ ಗ್ಯಾರಿ ಯಮಾಮೊಟೊ ತಂದ ಸೆಂಕೊ ಎಂಬ ಹುಳು ಗಾತ್ರದ ಲೆಕ್ಕವನ್ನೇ ಬದಲಿಸಿತು. ಬಾಲವಿಲ್ಲ, ಸುರುಳಿಯಿಲ್ಲ, ಬರಿಯ ಕಡ್ಡಿ. ಉಪ್ಪು ಧಾರಾಳವಾಗಿ ಬೆರೆತಿರುವುದರಿಂದ 5 ಇಂಚಿನದ್ದೇ 10 ಗ್ರಾಂ ಹತ್ತಿರ ತೂಗುತ್ತದೆ. ಬೇರೆ ತೂಕವಿಲ್ಲದೆ ತಾನೇ ಮುಳುಗುತ್ತದೆ, ಮುಳುಗುವಾಗ ಎರಡು ತುದಿಗಳೂ ನಡುಗುತ್ತವೆ. ಉದ್ದ ಕಡಿಮೆ, ಗಾತ್ರ ಹೆಚ್ಚು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಉದ್ದ, ದಪ್ಪ, ಬಾಲ

ಗಾಳ ಹಾಕುವವರ ರೂಢಿಯಲ್ಲಿ 5 ಇಂಚಿನ ಒಳಗಿನವು ಚಿಕ್ಕವು, 6 ಮತ್ತು 7 ಇಂಚಿನವು ನಡುವಿನವು, 8 ದಾಟಿದರೆ ದೊಡ್ಡವು. ಜೂಮ್ ಕಂಪನಿಯ ಟ್ರಿಕ್ ವರ್ಮ್ 6.5 ಇಂಚು, ಅದರದೇ ಓಲ್ ಮಾನ್‌ಸ್ಟರ್ 10.5 ಇಂಚು. ಅಂಗಡಿಯಲ್ಲಿ ಈ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ಬರಿಯ 4 ಇಂಚಿನದ್ದಲ್ಲ ಎಂಬುದು ತಿಳಿಯುತ್ತದೆ. ಟ್ರಿಕ್ ವರ್ಮ್ ಪೆನ್ಸಿಲಿನಂತೆ ನೇರ; ಓಲ್ ಮಾನ್‌ಸ್ಟರ್‌ಗೆ ದಪ್ಪ ಮೈ, ಉದ್ದಕ್ಕೂ ಉಂಗುರದ ಗೆರೆಗಳು, ಅಗಲವಾದ ಸುರುಳಿ ಬಾಲ. ದಪ್ಪ ದುಪ್ಪಟ್ಟಾದರೆ ಅದೇ ಉದ್ದದಲ್ಲಿ ಪ್ಲಾಸ್ಟಿಕ್ಕಿನ ಪ್ರಮಾಣ ನಾಲ್ಕು ಪಟ್ಟಾಗುತ್ತದೆ. ಪೊಟ್ಟಣದ ಮೇಲಿನ ಇಂಚು ಇದನ್ನು ಹೇಳುವುದಿಲ್ಲ.

ಬಾಸ್ ಹಗಲಲ್ಲಿ, ತಿಳಿನೀರಲ್ಲಿ ಕಣ್ಣಿನಿಂದ ಬೇಟೆಯಾಡುತ್ತದೆ. ಕಣ್ಣು ಸೋಲುವಲ್ಲಿ ಮೈಯ ಎರಡೂ ಪಕ್ಕದಲ್ಲಿ ಓಡುವ ಪಾರ್ಶ್ವರೇಖೆ ನೆರವಾಗುತ್ತದೆ. ಆ ರೇಖೆಯ ಕೋಶಗಳು ನೀರಿನ ಅಲುಗಾಟವನ್ನು ಹಿಡಿಯುತ್ತವೆ. ಸುರುಳಿ ಬಾಲದ 7 ಇಂಚಿನ ಹುಳು ನೇರ ಬಾಲದ 9 ಇಂಚಿನದ್ದಕ್ಕಿಂತ ಹೆಚ್ಚು ನೀರನ್ನು ಕದಡುತ್ತದೆ. ಪಾರ್ಶ್ವರೇಖೆಯ ಲೆಕ್ಕದಲ್ಲಿ ಮೊದಲನೆಯದೇ ದೊಡ್ಡದು. ಉಂಗುರದ ಗೆರೆಗಳು ನೀರಿನ ತಡೆ ಹೆಚ್ಚಿಸಿ ಹುಳುವನ್ನು ನಿಧಾನವಾಗಿ ಇಳಿಸುತ್ತವೆ. ಕಡು ಬಣ್ಣದ್ದು ಆಕಾಶದ ಬೆಳಕಿಗೆ ಎದುರಾಗಿ ಹೆಚ್ಚು ಎದ್ದು ಕಾಣುತ್ತದೆ. ರಾತ್ರಿ ಗಾಳಕ್ಕೆ ದೊಡ್ಡ ಕಪ್ಪು ಹುಳು ಹಾಕುವ ಹಳೆಯ ರೂಢಿಗೆ ಇದೇ ಕಾರಣ.

ಬಾಸ್ ಪ್ಲಾಸ್ಟಿಕ್ ಹುಳುವನ್ನು ಏನೆಂದು ತಿಳಿದು ನುಂಗುತ್ತದೆ? ಸರೋವರದ ತಳದಲ್ಲಿ ಎರೆಹುಳುಗಳು ಅಲೆದಾಡುವುದಿಲ್ಲ. ಜಿಗಣೆ, ಸಾಲಮಾಂಡರ್, ನೀರುಹಾವಿನ ಮರಿ, ಸಣ್ಣ ಹಾವುಮೀನು, ತಳ ಕೆದಕುವ ಮರಿಮೀನು, ಇವುಗಳಲ್ಲಿ ಯಾವುದನ್ನಾದರೂ ಅದು ನೆನಪಿಸಬಹುದು. ಯಾವುದನ್ನೂ ನೆನಪಿಸದೆ, ಸುಲಭದಲ್ಲಿ ಸಿಗುವ, ತಪ್ಪಿಸಿಕೊಳ್ಳಲು ಹೆಣಗದ ತುತ್ತಾಗಿ ಕಂಡರೂ ಸಾಕು. ನಕಲು ಎಷ್ಟು ನಿಖರ ಎಂಬುದಕ್ಕೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಆ ನೀರಿನ ಬಾಸ್ ಯಾವ ಗಾತ್ರದ ತುತ್ತಿಗೆ ಒಗ್ಗಿಕೊಂಡಿದೆ ಎಂದು ನೋಡುವುದು ಲಾಭದ ದಾರಿ.

ನೀರು ನೋಡಿ ಗಾತ್ರ

ಆಯ್ಕೆ ಶುರುವಾಗಬೇಕಾದ್ದು ನೀರಿನ ತಿಳಿಯಿಂದ. ಬಿಳಿಯ ಎರೆಯೊಂದನ್ನು ದೋಣಿಯ ಪಕ್ಕದಲ್ಲಿ ಇಳಿಬಿಟ್ಟು ಅದು ಕಣ್ಮರೆಯಾಗುವ ಆಳ ನೋಡಿದರೆ ಅಂದಾಜು ಸಿಗುತ್ತದೆ. ಎರಡು ಮೀಟರಿಗಿಂತ ಆಳಕ್ಕೆ ಕಾಣುವ ನೀರಿನಲ್ಲಿ ಮೀನಿಗೆ ಹುಳುವನ್ನು ಪರೀಕ್ಷಿಸಲು ಪುರುಸೊತ್ತು ಇರುತ್ತದೆ. ಅಲ್ಲಿ 4ರಿಂದ 6 ಇಂಚಿನ ತೆಳ್ಳನೆಯ, ನೇರ ಬಾಲದ ಹುಳು ಒಳ್ಳೆಯದು. ಅರ್ಧ ಮೀಟರೂ ಕಾಣದ ಕೆಂಪುನೀರಿನಲ್ಲಿ ಅದೇ ಹುಳು ಇದ್ದೂ ಇಲ್ಲದಂತೆ. 7ರಿಂದ 10 ಇಂಚಿನ, ದಪ್ಪ ಮೈಯ, ಬಾಲ ಬೀಸುವ ಹುಳು ಬೇಕು. ಕಲಕು ನೀರಿನಲ್ಲಿ ಬಾಲ ನೇರವಿದ್ದರೆ ಬರಿಯ ಉದ್ದ ಹೆಚ್ಚಿಸಿ ಪ್ರಯೋಜನ ಸ್ವಲ್ಪವೇ.

ಎರಡನೆಯದು ನೀರಿನ ಬಿಸಿ. ಬಾಸ್ ತಣ್ಣನೆಯ ರಕ್ತದ ಜೀವಿ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದರ ಜೀರ್ಣಶಕ್ತಿ ಕುಂದುತ್ತದೆ, ಓಡಾಟ ಕಡಿಮೆಯಾಗುತ್ತದೆ. ಆಗ ಚಿಕ್ಕ ಹುಳುವನ್ನು ತಳದಲ್ಲಿ ಬಹಳ ನಿಧಾನಕ್ಕೆ ಸರಿಸಬೇಕು. ವಸಂತದಲ್ಲಿ ನೀರು 15 ಡಿಗ್ರಿ ದಾಟುವಾಗ ಗಂಡುಮೀನು ದಡದ ಹತ್ತಿರ ಗೂಡು ಗುಡಿಸಿ ಮೊಟ್ಟೆ ಕಾಯುತ್ತದೆ. ಆಗ ಅದು ಹುಳುವನ್ನು ಕಚ್ಚುವುದು ಬಹುತೇಕ ಗೂಡಿನಿಂದ ಎತ್ತಿ ಹಾಕಲು, ತಿನ್ನಲು ಅಲ್ಲ. ಗಾತ್ರದ ಆಯ್ಕೆ ಇಲ್ಲಿ ಅಷ್ಟು ಮುಖ್ಯವಾಗದು. ಗೂಡಿನ ಮೇಲಿನ ಮೀನನ್ನು ಬಿಟ್ಟುಬಿಡುವುದೇ ಒಳ್ಳೆಯದು. ಗಂಡು ಗೂಡು ಬಿಟ್ಟ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್‌ಗಳು ಮೊಟ್ಟೆಗೆ ನುಗ್ಗುತ್ತವೆ.

ಬೇಸಿಗೆ ದೊಡ್ಡ ಹುಳುವಿನ ಕಾಲ. ಮೊಟ್ಟೆಯಿಡುವ ಕೆಲಸ ಮುಗಿಸಿದ ದೊಡ್ಡ ಬಾಸ್‌ಗಳು ಆಳಕ್ಕೆ ಇಳಿದು ಹಳೆಯ ನದೀಪಾತ್ರದ ಅಂಚುಗಳಲ್ಲಿ ಗುಂಪುಗೂಡುತ್ತವೆ. ಟೆನೆಸ್ಸಿ ನದಿಯ ಕೆಂಟಕಿ ಲೇಕ್ ಇದಕ್ಕೆ ಹೆಸರಾದ ಜಾಗ. ಅಲ್ಲಿಯ ಗಿಜರ್ಡ್ ಶ್ಯಾಡ್ ಮೀನುಗಳು ಗೇಣುದ್ದಕ್ಕೂ ಬೆಳೆಯುತ್ತವೆ. ಆ ತುತ್ತಿಗೆ ಒಗ್ಗಿದ ಬಾಸ್‌ಗೆ 10 ಇಂಚಿನ ಹುಳು ಅತಿಯೆನಿಸುವುದಿಲ್ಲ. ಟೆಕ್ಸಾಸಿನ ಕಡುಬೇಸಿಗೆಯ ರಾತ್ರಿಗಳಲ್ಲಿ 10 ಮತ್ತು 12 ಇಂಚಿನ ಹುಳು ಹಾಕುವುದು ತಲೆಮಾರಿನಿಂದ ಬಂದ ಪದ್ಧತಿ. ಶರತ್ಕಾಲದಲ್ಲಿ ಬಾಸ್‌ಗಳು 2–3 ಇಂಚಿನ ಶ್ಯಾಡ್ ಮರಿಗಳ ಹಿಂಡನ್ನು ಬೆನ್ನಟ್ಟುತ್ತವೆ. ಆಗ ಹುಳುವಿಗಿಂತ ಮೀನಿನಾಕಾರದ ಎರೆಯೇ ವಾಸಿ, ಹುಳುವೇ ಬೇಕೆಂದರೆ ಚಿಕ್ಕದು.

ಸ್ಮಾಲ್‌ಮೌತ್ ಬಾಸ್‌ನ ಲೆಕ್ಕ ಬೇರೆ. ಅದರ ಬಾಯಿ ಚಿಕ್ಕದು, ವಾಸ ಹೆಚ್ಚಾಗಿ ಕಲ್ಲು ಹಾಸಿನ ತಿಳಿನೀರಿನಲ್ಲಿ, ಊಟ ಏಡಿಯ ಸಂಬಂಧಿಯಾದ ಕ್ರೇಫಿಷ್. ಉತ್ತರ ಅಮೆರಿಕದ ಮಹಾಸರೋವರಗಳಿಗೆ 1990ರ ಸುಮಾರಿಗೆ ಹಡಗುಗಳ ನೀರಿನೊಂದಿಗೆ ಬಂದು ಹರಡಿದ ರೌಂಡ್ ಗೋಬಿ ಎಂಬ ತಳಮೀನೂ ಈಗ ಅದರ ಮುಖ್ಯ ಆಹಾರ. ಎರಡೂ ಸಾಮಾನ್ಯವಾಗಿ ಬೆರಳುದ್ದದ ಜೀವಿಗಳು. ಹಾಗಾಗಿ ಸ್ಮಾಲ್‌ಮೌತ್‌ಗೆ 3ರಿಂದ 4.5 ಇಂಚು ಸಾಕು. 7 ಇಂಚಿನದ್ದಕ್ಕೆ ಒಮ್ಮೊಮ್ಮೆ ಬೀಳುವುದು ನಿಜ, ಆದರೆ ಆ ಒಮ್ಮೊಮ್ಮೆಯನ್ನು ನಂಬಿ ದಿನ ಕಳೆಯಬಾರದು.

ಎಲ್ಲರೂ ಗಾಳ ಹಾಕುವ ಸರೋವರದಲ್ಲಿ ಮೀನೂ ಕಲಿಯುತ್ತದೆ. ಕಲಿಯುವುದಷ್ಟೇ ಅಲ್ಲ, ಆಯ್ದು ಉಳಿಯುತ್ತದೆ. ಇಲಿನಾಯ್ ರಾಜ್ಯದ ರಿಡ್ಜ್ ಲೇಕ್ ಎಂಬ ಪ್ರಯೋಗದ ಕೆರೆಯ ಬಾಸ್‌ಗಳಲ್ಲಿ ಡೇವಿಡ್ ಫಿಲಿಪ್ ಮತ್ತು ಸಂಗಡಿಗರು ಗಾಳಕ್ಕೆ ಬೇಗ ಬೀಳುವವನ್ನೂ ಬೀಳದವನ್ನೂ ಬೇರ್ಪಡಿಸಿ ತಲೆಮಾರುಗಟ್ಟಲೆ ಸಾಕಿದರು. ಗಾಳಕ್ಕೆ ಬೀಳುವ ಗುಣ ತಂದೆತಾಯಿಯಿಂದ ಮರಿಗೆ ಇಳಿಯುತ್ತದೆ ಎಂದು 2009ರಲ್ಲಿ ಪ್ರಕಟಿಸಿದರು. ಹುರುಪಿನ ಮೀನುಗಳೆಲ್ಲ ಹಿಡಿಯಲ್ಪಟ್ಟು ಹೋದ ಕಡೆ ಉಳಿದಿರುವುದು ಅನುಮಾನದ ಮೀನುಗಳು. ನೆಡ್ ಕೀಡಿ ಎಂಬ ಕನ್ಸಾಸಿನ ಬರಹಗಾರ ಮತ್ತವರ ಗೆಳೆಯರು ಜನಪ್ರಿಯಗೊಳಿಸಿದ ನೆಡ್ ರಿಗ್ ಇಂಥ ನೀರಿಗೆ ಹೇಳಿಮಾಡಿಸಿದ್ದು: 3 ಗ್ರಾಮಿಗೂ ಕಡಿಮೆ ತೂಕದ ಅಣಬೆಯಾಕಾರದ ತಲೆ, ಅದಕ್ಕೆ 3 ಇಂಚಿನೊಳಗಿನ ಮೊಂಡು ಹುಳು. ಹೊರಗಿನಿಂದ ನೋಡಿದವರಿಗೆ ಇದು ಎರೆಯೆಂದೇ ಅನಿಸುವುದಿಲ್ಲ, ಆದರೂ ಒಂದೂ ಕಚ್ಚು ಸಿಗದ ದಿನ ಇದನ್ನು ಹಾಕಿ ಮೀನು ಕಂಡವರು ಬಹಳ ಮಂದಿ. ಮಳೆಮೋಡ ಸರಿದು ಆಕಾಶ ಬೆಳ್ಳಗಾಗಿ ತಣ್ಣನೆಯ ಗಾಳಿ ಬೀಸುವ ದಿನಗಳಲ್ಲೂ ಬಾಸ್ ಗಿಡಗಳ ಬುಡಕ್ಕೆ ಅಂಟಿಕೊಂಡು ಮಂಕಾಗಿರುತ್ತದೆ. ಆಗಲೂ ಚಿಕ್ಕ ಹುಳುವೇ ಗತಿ.

ಫ್ಲೋರಿಡಾ ಬಾಸ್ ಇರುವ ನೀರಿನಲ್ಲಿ ಮಾತ್ರ ಈ ಸೂತ್ರವನ್ನು ಸಡಿಲಿಸಬೇಕು. ಆ ಮೀನು ಹುಷಾರಿನದ್ದು ನಿಜ, ಆದರೆ ದಟ್ಟ ನೀರುಗಿಡಗಳ ನಡುವಿನ ದೊಡ್ಡ ಬಾಸ್‌ಗೆ ದೊಡ್ಡ ತುತ್ತಿನ ಆಸೆ ತಪ್ಪಿದ್ದಲ್ಲ. ಟೆಕ್ಸಾಸ್ ವನ್ಯಜೀವಿ ಇಲಾಖೆ 1986ರಿಂದ ನಡೆಸುತ್ತಿರುವ ಷೇರ್‌ಲಂಕರ್ ಯೋಜನೆಯಲ್ಲಿ 13 ಪೌಂಡ್, ಅಂದರೆ 5.9 ಕಿಲೋ ಮೀರಿದ ಬಾಸ್‌ಗಳನ್ನು ಹಿಡಿದವರಿಂದ ಪಡೆದು ತಳಿ ಬೆಳೆಸಲು ಬಳಸಲಾಗುತ್ತದೆ. ಅಲ್ಲಿಯ ಜಲಾಶಯಗಳಲ್ಲಿ ಫ್ಲೋರಿಡಾ ರಕ್ತ ಬೆರೆತಿದೆ. ಅಂಥ ಕಡೆ 10 ಇಂಚಿನ ಹುಳು ಹಾಕುವವನು ಇಡೀ ದಿನದಲ್ಲಿ ಒಂದೆರಡೇ ಕಚ್ಚಿಗೆ ತಯಾರಿರಬೇಕು.

ಯಾವುದೂ ತಿಳಿಯದ ಹೊಸ ನೀರಿನಲ್ಲಿ 6 ಅಥವಾ 7 ಇಂಚಿನಿಂದ ಶುರುಮಾಡುವುದು ಸರಿಯಾದ ಕ್ರಮ. ಕಚ್ಚು ಸಿಗದಿದ್ದರೆ ಮೊದಲು ಬದಲಿಸಬೇಕಾದ್ದು ದಪ್ಪ, ಆಮೇಲೆ ಬಾಲ, ಕೊನೆಗೆ ಉದ್ದ. ಅನೇಕರು ನೇರವಾಗಿ ಉದ್ದಕ್ಕೆ ಕೈ ಹಾಕುತ್ತಾರೆ. ಯಾವುದರಿಂದ ಏನಾಯಿತೆಂದು ಆಮೇಲೆ ಅವರಿಗೆ ಗೊತ್ತಾಗುವುದಿಲ್ಲ. ಕಚ್ಚಿನ ಬಗೆಯೂ ಪಾಠ ಹೇಳುತ್ತದೆ. ದಾರದಲ್ಲಿ ಟಕಟಕ ಎಂದು ಬೇಗಬೇಗ ಬಡಿದು, ಎಳೆದಾಗ ಬಾಲ ಮಾತ್ರ ಹರಿದು ಬಂದರೆ ಅದು ಬಹುಶಃ ಬ್ಲೂಗಿಲ್. ಒಂದೇ ಸಲ ಟಕ್ ಎಂದು ದಾರ ಪಕ್ಕಕ್ಕೆ ಸರಿದರೆ ಬಾಸ್. ಬಾಸೇ ಹಿಡಿದು ಹಿಡಿದು ಬಿಡುತ್ತಿದ್ದರೆ ಹುಳುವಿನ ತಲೆಯ ಕಡೆಯಿಂದ ಒಂದು ಇಂಚು ಚಿವುಟಿ ಮತ್ತೆ ಪೋಣಿಸಬೇಕು. ಬಾಲದ ಆಟ ಹಾಗೇ ಉಳಿದು ಕೊಕ್ಕೆ ಬಾಲದ ಹತ್ತಿರಕ್ಕೆ ಬರುತ್ತದೆ. ಇದಕ್ಕೆ ವಿರುದ್ಧವಾಗಿ ಕೊಕ್ಕೆ ಪ್ರತಿ ಸಲ ಗಂಟಲಿಗೆ ಇಳಿಯುತ್ತಿದ್ದರೆ ಹುಳು ತೀರಾ ಚಿಕ್ಕದು, ಇಲ್ಲವೇ ಎಳೆಯುವುದು ತಡವಾಯಿತು. ಹಿಡಿದು ಮತ್ತೆ ನೀರಿಗೆ ಬಿಡುವ ಪದ್ಧತಿ ಇರುವಲ್ಲಿ ಗಂಟಲಿನ ಗಾಯ ಮೀನಿನ ಜೀವಕ್ಕೇ ಕುತ್ತು.

ಕೊಕ್ಕೆ, ತೂಕ, ದಾರ

ಹುಳು ಗೊತ್ತಾದ ಮೇಲೆ ಉಳಿದದ್ದೆಲ್ಲ ಅದನ್ನು ಹಿಂಬಾಲಿಸಬೇಕು. ಕೊಕ್ಕೆಗಳ ಸಂಖ್ಯೆ 1ರವರೆಗೆ ಇಳಿದಷ್ಟೂ ಗಾತ್ರ ಹೆಚ್ಚು. ಅಲ್ಲಿಂದ ಮುಂದೆ 1/0, 2/0 ಎಂದು ಏರಿದಷ್ಟೂ ಹೆಚ್ಚು. ಟೆಕ್ಸಾಸ್ ರಿಗ್‌ಗೆ 4 ಇಂಚಿನ ಹುಳುವಿಗೆ 1/0 ಅಥವಾ 2/0, 6 ಇಂಚಿಗೆ 3/0, 7–8 ಇಂಚಿಗೆ 4/0, 10 ಇಂಚು ಮೀರಿದರೆ 5/0 ಎಂಬುದು ಸಾಮಾನ್ಯ ಲೆಕ್ಕ. ಇಲ್ಲೂ ಉದ್ದಕ್ಕಿಂತ ದಪ್ಪದ ಮಾತು ನಡೆಯಬೇಕು. ಎಳೆದಾಗ ಹುಳುವಿನ ಮೈ ಮುದುಡಿ ಕೊಕ್ಕೆಯ ಬಾಗಿಗೆ ಸೇರುತ್ತದೆ. ಬಾಗಿನ ಅಗಲ ಹುಳುವಿನ ದಪ್ಪದ ಎರಡು ಪಟ್ಟಾದರೂ ಇರದಿದ್ದರೆ ಮೊನೆ ಹೊರಬಂದು ನಾಟಲು ಜಾಗವೇ ಸಿಗದು. 5 ಇಂಚಿನ ಸೆಂಕೊ ಉದ್ದದಲ್ಲಿ ಚಿಕ್ಕದಾದರೂ 4/0 ಅಗಲಬಾಗಿನ ಕೊಕ್ಕೆ ಕೇಳುವುದು ಇದಕ್ಕೇ. ಕೊಕ್ಕೆ ಅತಿ ದೊಡ್ಡದಾದರೆ ಹುಳು ಕೋಲಿನಂತೆ ಸೆಟೆದು ನಿಲ್ಲುತ್ತದೆ. ಕೊಕ್ಕೆಯ ಮೊನೆ ಹುಳುವಿನ ತಲೆಯಿಂದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಇದ್ದರೆ ಹಿಂಭಾಗ ಸಡಿಲವಾಗಿ ಆಡುತ್ತದೆ.

ತೂಕವನ್ನು ಆಳ, ಗಾಳಿ, ಗಿಡಗಳ ದಟ್ಟಣೆ ನೋಡಿ ಗೊತ್ತುಮಾಡುತ್ತಾರೆ. ಎರಡು ಮೀಟರ್ ಒಳಗೆ 6 ಇಂಚಿನ ಹುಳುವಿಗೆ 3.5 ಗ್ರಾಂ, ಅಂದರೆ 1/8 ಔನ್ಸ್ ಸಾಕು. ಆರೇಳು ಮೀಟರ್ ಆಳದ ಅಂಚಿನಲ್ಲಿ 10 ಇಂಚಿನದ್ದಕ್ಕೆ 14 ಗ್ರಾಂ ಬೇಕು. ಒಂದೇ ತೂಕ ಕಟ್ಟಿದರೂ ದೊಡ್ಡ ಹುಳು ನೀರಿನ ತಡೆಯಿಂದ ನಿಧಾನವಾಗಿ ಇಳಿಯುತ್ತದೆ. ಬಾಸ್ ಬಹಳ ಸಲ ಹುಳು ಇಳಿಯುತ್ತಿರುವಾಗಲೇ ಕಚ್ಚುವುದರಿಂದ, ಹುಳು ಬದಲಿಸಿದವರು ತೂಕವನ್ನೂ ಮತ್ತೆ ನೋಡಬೇಕು. 4 ಇಂಚಿನದ್ದಕ್ಕೆ 6–8 ಪೌಂಡ್ ಭಾರ ತಾಳುವ ತೆಳು ದಾರ, ಹಗುರ ಸ್ಪಿನ್ನಿಂಗ್ ಕೋಲು. 10 ಇಂಚಿನದ್ದಕ್ಕೆ 17–20 ಪೌಂಡಿನ ದಾರ, ಗಡುಸು ಕೋಲು. ದಪ್ಪ ಪ್ಲಾಸ್ಟಿಕ್ಕನ್ನೂ ದವಡೆಯ ಮೂಳೆಯನ್ನೂ ಒಟ್ಟಿಗೆ ಚುಚ್ಚಲು ಮೆತ್ತನೆಯ ಕೋಲಿಗೆ ಶಕ್ತಿ ಸಾಲದು.

ಬೇರೆ ದೇಶಗಳಲ್ಲಿ

ಜಪಾನಿಗೆ ಬಾಸ್ ಬಂದದ್ದು 1925ರಲ್ಲಿ, ಉದ್ಯಮಿ ಅಕಾಬೊಶಿ ತೆತ್ಸುಮಾ ಆಶಿ ಸರೋವರಕ್ಕೆ ತಂದು ಬಿಟ್ಟಾಗ. ಚಿಕ್ಕ ಹುಳುವಿನ ಕಲೆ ಅಲ್ಲಿ ಬೆಳೆಯಲು ಕಾರಣ ಸ್ಪಷ್ಟ: ಸರೋವರಗಳು ಕಡಿಮೆ, ಗಾಳ ಹಾಕುವವರು ಬಹಳ, ಮೀನು ಹುಷಾರು. ಬಿವಾ ಸರೋವರದಲ್ಲಿ 2009ರಲ್ಲಿ ಕುರಿತಾ ಮನಾಬು ಹಿಡಿದ ಬಾಸ್ 1932ರ ಜಾರ್ಜಿಯಾದ ಜಾರ್ಜ್ ಪೆರಿಯ 22 ಪೌಂಡ್ 4 ಔನ್ಸ್ ವಿಶ್ವದಾಖಲೆಗೆ ಸಮವೆಂದು ಮಾನ್ಯವಾಯಿತು. ಅದು ಬಿದ್ದದ್ದು ಜೀವಂತ ಬ್ಲೂಗಿಲ್‌ಗೆ. ಆದರೆ ಸ್ಥಳೀಯ ಮೀನುಗಳನ್ನು ತಿಂದು ಮುಗಿಸುತ್ತಿರುವ ಬಾಸ್ ಅಲ್ಲಿ ಪಿಡುಗು ಕೂಡ. ಬಿವಾ ಇರುವ ಶಿಗಾ ಪ್ರಾಂತ್ಯ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದನ್ನು 2003ರಿಂದ ನಿಷೇಧಿಸಿದೆ. ಹೊರನೀರಿಗೆ ಬಿಟ್ಟ ಬಾಸ್ ಮಾಡುವ ಹಾನಿ ನೋಡಿದರೆ, ಕರ್ನಾಟಕದ ಕೆರೆಗಳಿಗೆ ಈ ಮೀನನ್ನು ಯಾರೂ ತಂದು ಬಿಡಬಾರದು. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿಯೇ ಇದನ್ನು ಹಿಡಿಯಬಹುದು. ಹದಿನಾರು ಹದಿನೇಳು ತುಂಬಿದವರಿಗೆ ಆಯಾ ರಾಜ್ಯದ ಪರವಾನಗಿ ಬೇಕು, ಸರೋವರಕ್ಕೊಂದು ನಿಯಮವಿರುತ್ತದೆ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸನ್ನು ಮನೆಗೆ ಒಯ್ಯುವಂತಿಲ್ಲ.

ಹರಿದ ಹುಳುಗಳು

ಪ್ಲಾಸ್ಟಿಕ್ ಹುಳು ನೀರಿನಲ್ಲಿ ಕೊಳೆಯುವುದಿಲ್ಲ. ತಳಕ್ಕೆ ಬಿದ್ದ ತುಂಡುಗಳು ಉಬ್ಬಿ ದೊಡ್ಡವಾಗುತ್ತವೆ. ಅವನ್ನು ನುಂಗಿದ ಮೀನಿನ ಹೊಟ್ಟೆಯಲ್ಲಿ ಹಾಗೇ ಕೂರುತ್ತವೆ. ಮೇನ್ ರಾಜ್ಯದ ಶಾಸನಸಭೆಯಲ್ಲಿ 2013ರಲ್ಲಿ ಇಂಥ ಎರೆಗಳನ್ನೇ ನಿಷೇಧಿಸುವ ಮಸೂದೆ ಬಂದಿತ್ತು. ತೂಕಕ್ಕೆಂದು ದಾರಕ್ಕೆ ಕಟ್ಟುವ ಸೀಸದ ಗುಂಡುಗಳ ಮೇಲಂತೂ ನ್ಯೂ ಹ್ಯಾಂಪ್‌ಶೈರ್, ಮೇನ್, ವರ್ಮಾಂಟ್‌ಗಳಲ್ಲಿ ಕಾನೂನಿನ ಕಟ್ಟುಪಾಡಿದೆ, ಏಕೆಂದರೆ ಅವನ್ನು ನುಂಗಿದ ಲೂನ್ ಎಂಬ ನೀರುಹಕ್ಕಿ ವಿಷವೇರಿ ಸಾಯುತ್ತದೆ. ಬದಲಿಗೆ ಬಂದ ಟಂಗ್‌ಸ್ಟನ್ ದುಬಾರಿ. ಸೀಸಕ್ಕಿಂತ ಸಾಂದ್ರವಾದ ಕಾರಣ ಅದೇ ತೂಕ ಚಿಕ್ಕ ಗುಂಡಿನಲ್ಲಿ ಸಿಗುತ್ತದೆ, ಚಿಕ್ಕ ಹುಳುವಿನ ಮುಂದೆ ಎದ್ದು ಕಾಣುವುದಿಲ್ಲ.

ಹುಳುವಿನ ನಡುವಿಗೆ ಕೊಕ್ಕೆ ಚುಚ್ಚುವ ವ್ಯಾಕಿ ರಿಗ್‌ನಲ್ಲಿ ಹುಳು ಬೇಗ ಹರಿಯುತ್ತದೆ. ನಡುವಿಗೆ ಚಿಕ್ಕ ರಬ್ಬರ್ ಉಂಗುರ ತೊಡಿಸಿ ಅದರಡಿಗೆ ಕೊಕ್ಕೆ ತೂರಿಸಿದರೆ ಬಾಳಿಕೆ ಹೆಚ್ಚುತ್ತದೆ. ಝೆಡ್-ಮ್ಯಾನ್ ಕಂಪನಿಯ ಹಿಗ್ಗುವ ಹುಳುಗಳು ಬೇಗ ಹರಿಯುವುದಿಲ್ಲ, ನೀರಿನಲ್ಲಿ ತೇಲುತ್ತವೆ, ಆದ್ದರಿಂದ ತಳದಲ್ಲಿ ಬಾಲ ಎತ್ತಿ ನಿಲ್ಲುತ್ತವೆ. ಆದರೆ ಪಿವಿಸಿ ಹುಳುಗಳ ಜೊತೆ ಒಂದೇ ಪೊಟ್ಟಣದಲ್ಲಿಟ್ಟರೆ ಎರಡೂ ಕರಗಿ ಅಂಟಾಗುತ್ತವೆ. ಪಿವಿಸಿ ಹುಳುವಿನ ಸೀಳನ್ನು ಬೆಂಕಿಯಲ್ಲಿ ಕಾಯಿಸಿದ ಚಾಕುವಿನ ಅಲಗು ತಾಗಿಸಿ ಬೆಸೆಯಬಹುದು. ತಲೆ ಪೂರ್ತಿ ಕಿತ್ತುಹೋದ 5 ಇಂಚಿನ ಕಡ್ಡಿಹುಳುವನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ಎರಡೂವರೆ ಇಂಚನ್ನು ನೆಡ್ ರಿಗ್‌ನ ಅಣಬೆ ತಲೆಗೆ ಸಿಕ್ಕಿಸಬಹುದು. ಕನ್ಸಾಸಿನವರು ಆ ವಿಧಾನವನ್ನು ಆರಂಭಿಸಿದ್ದೇ ಹೀಗೆ ಕತ್ತರಿಸಿದ ತುಂಡುಗಳಿಂದ.